ಎರಡು ಎಡತೋಳಿನ ಕೋಟು

ನಮ್ಮ ಅಂಗಡಿಯ ಮೊಳೆಗೆ ಒಂದು ನೀಲಿ ಕೋಟು ನೇತುಹಾಕಿದ್ದೇವೆ. ಅದರ ಎರಡೂ ತೋಳು ಎಡಗೈಯದೇ. ಬಂದ ಗಿರಾಕಿಗಳು ಅದನ್ನು ನೋಡಿ ನಗುತ್ತಾರೆ. ಮೊದಲ ದಿನ ನಾನೂ ನಕ್ಕಿದ್ದೆ. ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನಾವು ದರ್ಜಿಗಳು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಒಂದು ಮೆಟ್ಟಿಲು. ಅಪ್ಪ ನಲವತ್ತು ವರ್ಷ ಕತ್ತರಿ ಹಿಡಿದವರು. ಕಣ್ಣು ಮಂಜಾದ ಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿದರು. ಹೊಲಿಗೆ ಮಷೀನು ನನ್ನದು. ಕಟಿಂಗ್ ಮಾಸ್ಟರ್ ನನ್ನ ತಮ್ಮ. ಅವನಿಗೆ ಇಪ್ಪತ್ತಮೂರು. ಅಮ್ಮ ಹೋದಾಗ ಅವನಿನ್ನೂ ಹಾಲುಹಲ್ಲಿನ ಮಗು. ಬೆಳೆಸಿದವಳು ನಾನೇ.

ಬೀದಿಯವರೆಲ್ಲ ಅವನನ್ನು ‘ಟೇಪು’ ಎಂದು ಕರೆಯುತ್ತಾರೆ. ಏಕೆಂದರೆ ಅವನಿಗೆ ಟೇಪೇ ಬೇಕಾಗಿರಲಿಲ್ಲ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಹೇಳಿಬಿಡುತ್ತಿದ್ದ: “ಸೊಂಟ ಮೂವತ್ತಾರು. ಹೋದ ವರ್ಷಕ್ಕಿಂತ ಎರಡಿಂಚು ಜಾಸ್ತಿ. ಮನೇಲಿ ಅಡುಗೆ ಚೆನ್ನಾಗಿದೆ ಅಂತಾಯ್ತು!” ಇನ್ನೂರು ಜನರ ಅಳತೆ ಅವನ ತಲೆಯಲ್ಲಿತ್ತು. ಬೇರೆ ದರ್ಜಿಗಳು ಅಳತೆ ಪುಸ್ತಕ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಪುಸ್ತಕವೇ ಇರಲಿಲ್ಲ, ಮತ್ತೆ ಅದೇ ನಮ್ಮ ಜಂಬ.

ಆ ಕೋಟು ರಸ್ತೆ ತುದಿಯ ಆರೋಗ್ಯ ಕೇಂದ್ರದ ನರ್ಸಿನದು. ನಮಗೆಲ್ಲ ಅವರು ಸಿಸ್ಟರ್. ಒಂದು ಮಧ್ಯಾಹ್ನ ಅವರು ಟ್ರಯಲ್ ನೋಡಲು ಬಂದರು. ನಾನು ಕಚ್ಚಾ ಹೊಲಿಗೆ ಹಾಕಿಟ್ಟಿದ್ದ ಕೋಟನ್ನು ಅವರಿಗೆ ತೊಡಿಸಿದೆ. ಎಡಗಡೆ ಸರಿಯಾಗಿ ಕೂತಿತು. ಬಲಗಡೆ ತೋಳು ತಿರುಚಿಕೊಂಡು ಹಿಂದಕ್ಕೆ ಎಳೆಯಿತು.

“ಏನ್ರೀ ಇದು? ನನಗೆ ಎರಡೂ ಎಡಗೈ ಅಂತ ಯಾರಾದ್ರೂ ಹೇಳಿದ್ರಾ?” ಎಂದರು ಸಿಸ್ಟರ್.

ನೋಡಿದೆ. ಹೌದು, ಎರಡೂ ಎಡತೋಳೇ! ಬಟ್ಟೆ ಅಗಲವಿದ್ದರೆ ಮಡಿಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸುತ್ತೇವೆ. ಕಡಿಮೆ ಬಿದ್ದರೆ ಒಂದೊಂದಾಗಿ ಕತ್ತರಿಸಬೇಕು. ಆಗ ಎರಡನೆಯದಕ್ಕೆ ಕಾಗದದ ಅಚ್ಚನ್ನು ಮಗುಚಿ ಹಾಕಬೇಕು. ಮಗುಚದಿದ್ದರೆ ಎರಡೂ ಒಂದೇ ಕೈಗೆ ಆಗುತ್ತವೆ. ಈ ಬಟ್ಟೆಗೆ ಒಂದು ಮುಖ ಹೊಳಪು, ಇನ್ನೊಂದು ಮಂಕು. ಒಳಗಿನದನ್ನು ಹೊರಗೆ ಮಾಡಿ ಹೊಲಿಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಹೊಸದಾಗಿ ಕೆಲಸ ಕಲಿಯುವವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು ಇದು. ತಮ್ಮ ಕತ್ತರಿಸಿದ್ದನ್ನು ನಾನು ಎಂದೂ ಪರೀಕ್ಷಿಸಿದವಳಲ್ಲ, ಆದ್ದರಿಂದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

“ಲೋ ಟೇಪು, ಏನೋ ಇದು ನಿನ್ನ ಘನಂದಾರಿ ಕೆಲಸ?” ಎಂದೆ ನಗುತ್ತಾ.

ಅವನು ಕೋಟನ್ನು ಬಹಳ ಹೊತ್ತು ನೋಡಿದ. “ಇದನ್ನ ನಾನು ಕತ್ತರಿಸಿಲ್ಲ.”

“ಇನ್ಯಾರು, ಸಾಹೇಬ್ರು ಕತ್ತರಿಸಿದ್ರಾ?”

ಸಾಹೇಬರೆಂದರೆ ಮೂಲೆಯಲ್ಲಿ ನಿಲ್ಲಿಸಿರುವ ತಲೆಯಿಲ್ಲದ ಗೊಂಬೆ. ಹೊಲಿದ ಕೋಟನ್ನು ಅದಕ್ಕೇ ತೊಡಿಸಿಡುವುದು. ತಮ್ಮ ನಗಲಿಲ್ಲ. ಎದ್ದು ಹೋಗಿ ಗೊಂಬೆಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಸಾಹೇಬ್ರ ಮುಂದೆ ಮಾತಾಡಬೇಡಕ್ಕಾ” ಎಂದ.

ನಾನು ಬಿದ್ದು ಬಿದ್ದು ನಕ್ಕೆ. ಅವನು ಮೊದಲಿನಿಂದಲೂ ಕೀಟಲೆಯವನು. ಸಿಸ್ಟರ್ ಮಾತ್ರ ನಗಲಿಲ್ಲ. ಕೋಟು ಬಿಚ್ಚಿಟ್ಟು ನನ್ನನ್ನು ಹೊರಗಿನ ಜಗಲಿಗೆ ಕರೆದರು.

“ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬಾರದು. ಅವನ ಕಣ್ಣು ಕೆಂಪಗಿದೆ, ಮಾತೂ ಒಂಥರಾ ಇದೆ. ಗಾಂಜಾ ಸೇದ್ತಾನಾ?”

ನನಗೆ ಗೊತ್ತಿತ್ತು. ಆರು ವರ್ಷದಿಂದ ಗೊತ್ತಿತ್ತು. ಅವನಿಗೆ ಹದಿನೇಳು ಇದ್ದಾಗ ಯಾರೋ ಗೆಳೆಯರು, ‘ಇದನ್ನ ಎಳೆದರೆ ಕೈ ಚುರುಕಾಗುತ್ತೆ’ ಎಂದು ಕಲಿಸಿದ್ದರು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಅಪ್ಪನ ಮೂಗಿಗೆ ಬೀಳಬಾರದೆಂದು ಅವನ ಶರ್ಟುಗಳನ್ನು ನಾನೇ ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆಯುತ್ತಿದ್ದೆ. ತಮ್ಮನ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

“ಅದು ಬರೀ ಸೊಪ್ಪು ಅಲ್ವಾ ಸಿಸ್ಟರ್? ಕುಡಿಯೋದಕ್ಕಿಂತ ವಾಸಿ. ಬೈಯಲ್ಲ, ಹೊಡೆಯಲ್ಲ, ತನ್ನ ಪಾಡಿಗೆ ತಾನಿರ್ತಾನೆ.”

“ದತ್ತೂರಿನೂ ಗಿಡಾನೇ. ಕೊಯ್ದು ಬೇಯಿಸಿ ತಿಂತೀರಾ?”

“ಬೀದಿ ಕೊನೇ ಗ್ಯಾರೇಜಿನವನೂ ಸೇದ್ತಾನೆ. ಗುಂಡುಕಲ್ಲಿನ ಹಾಗಿದ್ದಾನಲ್ಲ?”

“ಎಲ್ಲರಿಗೂ ಹೀಗಾಗಲ್ಲ. ಆದರೆ ಯಾರಿಗಾಗುತ್ತೆ ಅಂತ ಮೊದಲೇ ಹೇಳೋಕೂ ಆಗಲ್ಲ. ಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೀತಾ ಇರುತ್ತೆ. ಅಲ್ಲೀವರೆಗೆ ಅದು ನೀವು ಕಚ್ಚಾ ಹೊಲಿಗೆ ಹಾಕ್ತೀರಲ್ಲ, ಆ ಕೋಟಿದ್ದ ಹಾಗೆ. ಅದನ್ನ ಹಾಕ್ಕೊಂಡು ಕುಸ್ತಿ ಆಡಿದ್ರೆ ಏನಾಗುತ್ತೆ?”

“ಹೊಲಿಗೆ ಬಿಡುತ್ತೆ.”

“ಅಷ್ಟೇ. ಚಿಕ್ಕ ವಯಸ್ಸಲ್ಲಿ ಶುರುಮಾಡಿದವರಿಗೆ, ದಿನಾ ಸೇದೋರಿಗೆ, ಜೋರು ಅಮಲಿನ ಮಾಲು ಸೇದೋರಿಗೆ ಅಪಾಯ ಜಾಸ್ತಿ. ಮೊದಲು ಗಮನ ಹೋಗುತ್ತೆ, ನೆನಪು ಹೋಗುತ್ತೆ. ಕೆಲವರಿಗೆ ಇಲ್ಲದ್ದು ಕೇಳಿಸುತ್ತೆ, ಎಲ್ಲರ ಮೇಲೂ ಅನುಮಾನ ಬರುತ್ತೆ. ಮನೆತನದಲ್ಲಿ ಯಾರಿಗಾದ್ರೂ ಮನಸ್ಸಿನ ಕಾಯಿಲೆ ಇದ್ರಂತೂ ಇನ್ನೂ ಕಷ್ಟ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?”

“ನಮ್ಮ ಮನೇಲಾ? ಯಾರಿಗೂ ಇಲ್ಲಪ್ಪ!” ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಗೊತ್ತೇ?

“ಗುರುವಾರ ನಮ್ಮಲ್ಲಿಗೆ ಮನಸ್ಸಿನ ಡಾಕ್ಟರಮ್ಮ ಬರ್ತಾರೆ. ಕರ್ಕೊಂಡು ಬನ್ನಿ. ಈಗಾದರೆ ಉಗುರಲ್ಲಿ ಹೋಗುತ್ತೆ, ಆಮೇಲೆ ಕೊಡಲೀನೇ ಬೇಕಾಗುತ್ತೆ.”

ನಾನು ಆ ಗುರುವಾರ ಕರೆದುಕೊಂಡು ಹೋಗಲಿಲ್ಲ. ಮಾಸ್ಟರ್ ಮನಸ್ಸಿನ ಡಾಕ್ಟರ ಹತ್ತಿರ ಹೋದ ಎಂದು ಸುದ್ದಿಯಾದರೆ ಅವನ ಕೈಗೆ ಬಟ್ಟೆ ಕೊಡುವವರು ಯಾರು? ಅಪ್ಪನಿಗೆ ಗಾಂಜಾದ ಮಾತು ಎತ್ತದೆ, “ಅವನಿಗೆ ಯಾಕೋ ಮಂಕು ಹಿಡಿದಿದೆ” ಎಂದಷ್ಟೇ ಹೇಳಿದೆ. ಅಪ್ಪ ಇಸ್ತ್ರಿ ಪೆಟ್ಟಿಗೆ ನಿಲ್ಲಿಸದೆ, “ಒಂದು ಮದುವೆ ಮಾಡಿಬಿಟ್ರೆ ಎಲ್ಲಾ ಸರಿಹೋಗುತ್ತೆ” ಎಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ನಾನು ಎಷ್ಟೋ ಸಲ ಬೇರೆಯವರ ಮನೆಯ ಬಗ್ಗೆ ಹೇಳಿ ನಕ್ಕಿದ್ದೇನೆ. ಅದು ನಮ್ಮ ಮನೆಗೇ ಬಂದು ಕೂತಿದೆಯೆಂದು ಹೊಳೆಯಲಿಲ್ಲ.

ಹನ್ನೆರಡು ದಿನ ಕಳೆಯಿತು. ತಮ್ಮ ಊಟ ಕಡಿಮೆ ಮಾಡಿದ. ಗಿರಾಕಿ ಬಂದರೆ ಒಳಗೆ ಹೋಗುತ್ತಿದ್ದ. ಒಬ್ಬರಿಗೆ ಅಳತೆ ತೆಗೆದು, ಎರಡು ಹೆಜ್ಜೆ ನಡೆದು, ಮತ್ತೆ ಬಂದು ತೆಗೆದ. ಟೇಪು ಎಂಬ ಹೆಸರಿನವನು ಟೇಪು ಹಿಡಿದು ಒದ್ದಾಡುತ್ತಿದ್ದ. ನಾನು ಬಿಸಿಲಿನ ಝಳ ಎಂದುಕೊಂಡೆ.

ಹದಿಮೂರನೆಯ ದಿನ ಬೆಳಿಗ್ಗೆ ಕಸ ಗುಡಿಸಲು ಕೆಳಗಿಳಿದೆ. ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ.

ಕೊಡಲು ತಯಾರಾಗಿದ್ದ ಇಪ್ಪತ್ತಾರು ಬಟ್ಟೆ ಅಲ್ಲಿದ್ದವು. ಕೋಟು, ಪ್ಯಾಂಟು, ಮದುಮಗಳ ಉಡುಪು, ಎಲ್ಲ. ಒಂದೂ ಇಡಿಯಾಗಿರಲಿಲ್ಲ. ಹರಿದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಹರಿದಿರಲಿಲ್ಲ. ಒಂದೊಂದೇ ಹೊಲಿಗೆಯನ್ನು ಜೋಪಾನವಾಗಿ ಬಿಚ್ಚಿ, ತೋಳುಗಳನ್ನೆಲ್ಲ ಒಂದು ಕಡೆ, ಕಾಲರುಗಳನ್ನೆಲ್ಲ ಇನ್ನೊಂದು ಕಡೆ, ಜೇಬುಗಳನ್ನೆಲ್ಲ ಮತ್ತೊಂದು ಕಡೆ ಗುಡ್ಡೆ ಹಾಕಲಾಗಿತ್ತು. ನೆಲದ ತುಂಬ ತುಂಡು ದಾರ. ಕಟಿಂಗ್ ಟೇಬಲ್ಲಿನ ಕೆಳಗೆ ನನ್ನ ತಮ್ಮ ಮಂಡಿ ಮಡಿಚಿ ಕೂತಿದ್ದ. ಕೈಯಲ್ಲಿ ಹೊಲಿಗೆ ಬಿಚ್ಚುವ ಬ್ಲೇಡು. ಬೆರಳೆಲ್ಲ ರಕ್ತ.

“ಏನೋ ಇದು ಪುಟ್ಟಾ?” ಎಂದೆ.

“ಹೊಲಿಗೆ ಒಳಗೆ ಇಟ್ಟಿದಾರೆ. ನಾವು ಮಾತಾಡೋದೆಲ್ಲ ಅವರಿಗೆ ಕೇಳಿಸುತ್ತೆ. ಆ ತೋಳು ಬದಲಾಯಿಸಿದ್ದೂ ಅವರೇ.”

“ಯಾರು?”

ಅವನು ಗೊಂಬೆಯ ಕಡೆ ನೋಡಿದ. ಆಮೇಲೆ ನನ್ನ ಕಡೆ. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ನಾನೇ ತುತ್ತಿಟ್ಟು ಬೆಳೆಸಿದ ಮಗು ನನ್ನನ್ನು ಕಂಡು ಹೆದರುತ್ತಿತ್ತು.

“ನೀನು ನಿಜವಾಗ್ಲೂ ನನ್ನ ಅಕ್ಕಾನಾ? ಹಾಗಾದ್ರೆ ನನ್ನ ತೋಳಿನ ಅಳತೆ ಹೇಳು.”

ನನ್ನ ಬಾಯಿ ತಾನಾಗಿ ಹೇಳಿತು: “ಇಪ್ಪತ್ನಾಲ್ಕು ಮುಕ್ಕಾಲು. ಬಲಗೈ ಕಾಲಿಂಚು ಉದ್ದ.”

ಅವನು ಬ್ಲೇಡನ್ನು ನನ್ನ ಅಂಗೈಗೆ ಇಟ್ಟು, “ಅಕ್ಕಾ, ನಂಗೆ ಭಯ ಆಗ್ತಿದೆ” ಎಂದು ಅಳತೊಡಗಿದ.

ಸದ್ದು ಕೇಳಿ ಅಪ್ಪ ಇಳಿದು ಬಂದರು. ಗುಡ್ಡೆ ಹಾಕಿದ್ದ ತೋಳುಗಳನ್ನು ನೋಡಿ ಗೋಡೆ ಹಿಡಿದುಕೊಂಡು ಕೂತರು. ತಮ್ಮನ ಜೊತೆ ಅವರನ್ನು ಬಿಟ್ಟು, ನಾನು ಬರಿಗಾಲಲ್ಲೇ ಆರೋಗ್ಯ ಕೇಂದ್ರಕ್ಕೆ ಓಡಿದೆ. ಸಿಸ್ಟರ್ ಒಂದು ಬೈಗುಳವನ್ನೂ ಬೈಯಲಿಲ್ಲ. ಬಂದು ಅವನ ಎದುರು ನೆಲದ ಮೇಲೇ ಕೂತರು. “ಅದೆಲ್ಲ ಸುಳ್ಳು ಅಂತ ವಾದ ಮಾಡಬೇಡಿ, ನಗಬೇಡಿ, ಜನ ಸೇರಿಸಬೇಡಿ. ಕತ್ತರಿ, ಬ್ಲೇಡು ಎಲ್ಲ ಮೇಲೆ ಒಯ್ದಿಡಿ” ಎಂದು ನಮಗೆ ಮೆಲ್ಲಗೆ ಹೇಳಿದರು. ಆಮೇಲೆ ಅವನಿಗೆ, “ಭಯ ಆಗ್ತಿದೆ ಅಲ್ವಾ? ಭಯ ಕಡಿಮೆ ಮಾಡೋರ ಹತ್ರ ಹೋಗೋಣ. ಅಕ್ಕಾನೂ ಬರ್ತಾಳೆ” ಎಂದರು. ಅವನು ನನ್ನ ಸೆರಗು ಹಿಡಿದುಕೊಂಡು ಎದ್ದ. ಅಪ್ಪನೂ ಜೊತೆಗೆ ಹೊರಟರು.

ಜಿಲ್ಲಾಸ್ಪತ್ರೆಯಲ್ಲಿ, ಗುರುವಾರ ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ಅದೇ ಡಾಕ್ಟರಮ್ಮ ಅವನ ಜೊತೆ ಬಹಳ ಹೊತ್ತು ಮಾತಾಡಿದರು. ನಡುವೆ, “ಮೂರು ಪದ ಹೇಳ್ತೀನಿ, ನೆನಪಿಟ್ಕೋ. ಬೀಗ, ಹಡಗು, ಬಾಳೆಹಣ್ಣು” ಎಂದರು. ಐದು ನಿಮಿಷ ಬೇರೆ ಏನೇನೋ ಕೇಳಿ, ಆ ಮೂರು ಪದ ಯಾವುವೆಂದು ಕೇಳಿದರು.

ಅವನು ಚಾವಣಿ ನೋಡಿದ. ನನ್ನನ್ನು ನೋಡಿದ. “ಬೀಗ” ಎಂದ. ಅಷ್ಟೇ. ಹಣೆ ಉಜ್ಜಿಕೊಂಡ, ಕಣ್ಣು ಮುಚ್ಚಿದ, ಮತ್ತೇನೂ ಬರಲಿಲ್ಲ. ಇನ್ನೂರು ಜನರ ಸೊಂಟ, ಎದೆ, ಭುಜ, ತೋಳು ಹೊತ್ತಿದ್ದ ತಲೆಯಲ್ಲಿ ಮೂರು ಪದ ನಿಲ್ಲಲಿಲ್ಲ! ಬಿಚ್ಚಿದ ಬಟ್ಟೆಗಳನ್ನು ನೋಡಿದಾಗಲೂ ನಾನು ಅಳದೆ ತಡೆದುಕೊಂಡಿದ್ದೆ. ಆಗ ತಡೆಯಲಾಗಲಿಲ್ಲ.

ಅಲ್ಲಿ ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ. ಆರು ವರ್ಷ, ದಿನಾ, ಬೇರೆ ಬಕೆಟ್ಟು, ಎಲ್ಲ. ಅಪ್ಪ ನನ್ನನ್ನೇ ನೋಡುತ್ತಾ ಕೂತರು. ಹೇಳಿ ಮುಗಿಸಿ, “ಪೊಲೀಸ್ರಿಗೆ ಹೇಳ್ತೀರಾ?” ಎಂದು ಕೇಳಿದೆ.

“ನಾನು ಡಾಕ್ಟರು ಕಣಮ್ಮ. ಕಾಯಿಲೆ ವಾಸಿ ಮಾಡೋದು ನನ್ನ ಕೆಲಸ. ಮುಚ್ಚಿಟ್ರೆ ಔಷಧಿ ಕೊಡೋದು ಹೇಗೆ?” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, “ಮನೆತನದಲ್ಲಿ ಯಾರಿಗಾದ್ರೂ ಹೀಗಾಗಿತ್ತಾ?” ಎಂದರು.

“ಇಲ್ಲ” ಎಂದರು ಅಪ್ಪ. ಆಮೇಲೆ ಇಸ್ತ್ರಿ ಸುಟ್ಟ ಕಲೆಗಳಿರುವ ಕೈಯನ್ನು ಮಡಿಲಲ್ಲಿ ತಿರುವುತ್ತಾ ಹೇಳಿದರು: “ನನಗೊಬ್ಬ ತಮ್ಮ ಇದ್ದ.”

ನನಗೀಗ ಮೂವತ್ತೈದು. ನನಗೊಬ್ಬ ಚಿಕ್ಕಪ್ಪ ಇದ್ದರೆಂದು ಅವತ್ತಿನವರೆಗೆ ಗೊತ್ತಿರಲಿಲ್ಲ.

“ಇವನದೇ ವಯಸ್ಸು. ಗೋಡೆ ಜೊತೆ ಮಾತಾಡ್ತಿದ್ದ. ಒಂದಿನ ಮನೆ ಬಿಟ್ಟು ಹೋದ. ಮತ್ತೆ ಬರ್ಲಿಲ್ಲ. ಹೇಳಿದ್ರೆ ನಿನಗೆ ಗಂಡು ಸಿಗಲ್ಲ ಅಂತ ಬಚ್ಚಿಟ್ಟೆ ಮಗಳೇ.”

“ಬಚ್ಚಿಟ್ರೂ ಸಿಗಲಿಲ್ವಲ್ಲಪ್ಪ” ಎಂದೆ. ಅಳುವಿನ ನಡುವೆ ಆ ಮಾತು ಹೇಗೆ ಬಂತೋ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನದೊಂದು ಬಂಗಾರ, ನನ್ನದೊಂದು ಬಂಗಾರ. ಎರಡೂ ಸೇರಿ ಮಗುವಿನ ಕುತ್ತಿಗೆಗೆ ಬಂದಿತ್ತು.

“ಗಾಂಜಾ ಒಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ” ಎಂದರು ಡಾಕ್ಟರಮ್ಮ. “ಆದರೆ ಇಂಥ ಮನೆತನದ ಹುಡುಗ ಹದಿನೇಳರಿಂದ ದಿನಾ ಸೇದಿದ್ದಾನೆ. ಹೊರಗೆ ನಿಂತಿರೋ ಕಾಯಿಲೆಗೆ ಬಾಗಿಲು ತೆಗೆದು ‘ಬಾ’ ಅಂದ ಹಾಗಾಯ್ತು. ಇದಕ್ಕೆ ಚಿಕಿತ್ಸೆ ಇದೆ. ಗಾಂಜಾ ಪೂರ್ತಿ ಬಿಡಬೇಕು, ಮಾತ್ರೆ ತಪ್ಪಬಾರದು. ವಾಸಿಯಾಯ್ತು ಅಂತ ನೀವೇ ನಿಲ್ಲಿಸೋ ಹಾಗಿಲ್ಲ.”

“ನೆನಪು ವಾಪಸ್ ಬರುತ್ತಾ?”

“ಬಿಟ್ಟರೆ ನಿಧಾನಕ್ಕೆ ಸುಧಾರಿಸುತ್ತೆ. ಎಷ್ಟು ಅಂತ ಈಗಲೇ ಮಾತು ಕೊಡಲಾರೆ. ಇನ್ನೂ ಬೇಗ ಬಂದಿದ್ರೆ ಒಳ್ಳೇದಿತ್ತು.”

ಆ ಕೊನೆಯ ಮಾತಿಗೆ ನಾನು ತಲೆ ತಗ್ಗಿಸಿದೆ. ಹನ್ನೆರಡು ದಿನವಲ್ಲ, ಆರು ವರ್ಷ ತಡ ಮಾಡಿದವಳು ನಾನು.

ಮೂರು ವಾರ ಆಸ್ಪತ್ರೆಯಲ್ಲಿದ್ದ. ಮೊದಲ ಹತ್ತು ದಿನ ಗಾಂಜಾ ಇಲ್ಲದೆ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ, ಮುಟ್ಟಿದರೆ ಸಿಡಿಯುತ್ತಿದ್ದ. ಇದು ಕೆಲವು ದಿನ ಇದ್ದು ಹೋಗುತ್ತದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರು, ಹೋಯಿತು. ಮನೆಗೆ ಬಂದ ಮೇಲೆ ಒಬ್ಬ ಹಳೆಯ ಗೆಳೆಯ ‘ನೋಡಿಕೊಂಡು ಹೋಗೋಕೆ’ ಎಂದು ಜೇಬು ತಡವಿಕೊಳ್ಳುತ್ತಾ ಬಂದ. ಅಪ್ಪ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, “ಜೇಬಲ್ಲಿರೋದರ ಸಮೇತ ಗರಿಗರಿ ಮಾಡ್ತೀನಿ, ಒಳಗೆ ಬಾ” ಎಂದರು. ಅವನು ಮತ್ತೆ ಈ ಬೀದಿ ತುಳಿದಿಲ್ಲ.

ಬಿಚ್ಚಿದ ಇಪ್ಪತ್ತಾರು ಬಟ್ಟೆಗಳನ್ನು ನಾನೇ ಮತ್ತೆ ಹೊಲಿದೆ. ತಡವಾದದ್ದಕ್ಕೆ ಗಿರಾಕಿಗಳಿಗೆ ನೆಪ ಹೇಳಲಿಲ್ಲ. “ತಮ್ಮನಿಗೆ ಕಾಯಿಲೆ. ಗಾಂಜಾ ಸೇದುತ್ತಿದ್ದ. ಈಗ ಔಷಧಿ ತಗೋತಿದ್ದಾನೆ” ಎಂದೆ. ಇಬ್ಬರು ಬಟ್ಟೆ ವಾಪಸ್ ಒಯ್ದರು. ಮೂವರು ನನ್ನನ್ನು ಪಕ್ಕಕ್ಕೆ ಕರೆದು, “ನಮ್ಮ ಹುಡುಗನೂ ಹಾಗೇ ಇದ್ದಾನೆ, ಆ ಡಾಕ್ಟರು ಎಲ್ಲಿ ಸಿಗ್ತಾರೆ?” ಎಂದು ಕೇಳಿದರು. ಮೂವರು! ಒಂದೇ ಬೀದಿಯಲ್ಲಿ!

ಈಗ ಎಂಟು ತಿಂಗಳಾಯಿತು. ತಮ್ಮ ಕತ್ತರಿ ಹಿಡಿದಿದ್ದಾನೆ. ಸಾಹೇಬರನ್ನು ಅವನೇ ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದ. ಅಂಗಡಿಗೆ ಅಳತೆ ಪುಸ್ತಕ ಬಂದಿದೆ, ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಹೊಸ್ತಿಲಲ್ಲೇ ಸೊಂಟ ಹೇಳುವ ಆ ಟೇಪು ಪೂರ್ತಿ ಮರಳಿಲ್ಲ. ಮರಳುತ್ತಾನೋ ಇಲ್ಲವೋ, ಡಾಕ್ಟರಮ್ಮನೂ ಹೇಳಲಾರರು. ಸಿಸ್ಟರಿಗೆ ಹೊಸ ಕೋಟು ಹೊಲಿದುಕೊಟ್ಟೆವು. ಹಳೆಯದನ್ನು ಎಸೆಯೋಣ ಎಂದೆ. “ಬೇಡಕ್ಕಾ, ಇರಲಿ. ಯಾರಾದ್ರೂ ಕೇಳಿದ್ರೆ ಹೇಳ್ಬಹುದು” ಎಂದು ಅವನೇ ಮೊಳೆಗೆ ನೇತುಹಾಕಿದ.

ಹೋದ ವಾರ ಒಬ್ಬರ ಕೋಟಿನ ಬಟ್ಟೆ ಕಡಿಮೆ ಬಿತ್ತು. ತೋಳುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಅವನು ಎಡತೋಳು ಕತ್ತರಿಸಿದ. ಅಚ್ಚನ್ನು ಮತ್ತೆ ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ತೆರೆದ. ತೆರೆದು ನಿಲ್ಲಿಸಿದ.

“ಅಕ್ಕಾ, ಮಗುಚಿದೀನಾ?”

ನಾನು ಮಷೀನು ನಿಲ್ಲಿಸಿ ಎದ್ದು ನೋಡಿದೆ. ಮಗುಚಿರಲಿಲ್ಲ.

“ಇಲ್ಲ ಕಣೋ.”

ಅವನು ಅಚ್ಚನ್ನು ಮಗುಚಿದ, ಹಳೆಯ ಗೆರೆ ಒರೆಸಿ ಹೊಸದು ಎಳೆದ, ಆಮೇಲೆ ಕತ್ತರಿಸಿದ. ಬಲತೋಳು ಬಲತೋಳಾಗಿಯೇ ಬಂತು. ಮೊದಲಿನ ತಮ್ಮ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮೊದಲಿನ ಅಕ್ಕನೂ ಎದ್ದು ನೋಡುತ್ತಿರಲಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಬೇರೆ ಬಕೆಟ್ಟು ಇದ್ದರೆ ಅದನ್ನು ಇವತ್ತೇ ಬೋರಲು ಹಾಕಿ. ‘ಬರೀ ಸೊಪ್ಪು’ ಎಂದು ನನ್ನ ಹಾಗೆ ನಿಮಗೆ ನೀವೇ ಹೇಳಿಕೊಳ್ಳಬೇಡಿ. ಮನೆಯ ಹುಡುಗನೋ ಹುಡುಗಿಯೋ ದಿನದಿಂದ ದಿನಕ್ಕೆ ಮರೆಯುತ್ತಿದ್ದರೆ, ಮೂಲೆ ಸೇರುತ್ತಿದ್ದರೆ, ಎದುರಿಗೆ ಇಲ್ಲದವರ ಮಾತು ಕೇಳುತ್ತಿದ್ದರೆ, ನಗಬೇಡಿ, ಹೊಡೆಯಬೇಡಿ, ಮದುವೆ ಮಾಡಿ ಕೈತೊಳೆದುಕೊಳ್ಳಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮನೆತನದಲ್ಲಿ ಬಚ್ಚಿಟ್ಟ ಚಿಕ್ಕಪ್ಪನೋ ದೊಡ್ಡಮ್ಮನೋ ಇದ್ದರೆ ಮಕ್ಕಳಿಗೆ ಹೇಳಿ. ಅದು ಅವಮಾನವಲ್ಲ, ಎಚ್ಚರಿಕೆ. ಇನ್ನು ಸೇದುತ್ತಾ ಇದನ್ನು ಓದುತ್ತಿರುವ ತಮ್ಮಾ, ತಂಗೀ, ನಿನಗೂ ಒಂದು ಮಾತು: ಬಿಡಬಹುದು, ಸಹಾಯ ಸಿಗುತ್ತದೆ, ಬೈಯದೆ ಕೇಳುವವರಿದ್ದಾರೆ.

ಕತ್ತರಿ ಆಡಿದ ಮೇಲೆ ದರ್ಜಿಯೂ ಏನೂ ಮಾಡಲಾರ. ಈಗಲೇ ಎದ್ದು ಹೋಗಿ, ಒಳಗಿನ ಕೋಣೆಯಲ್ಲಿ ಒಬ್ಬನೇ ಕೂತಿರುವ ನಿಮ್ಮ ಮಗುವಿನ ಪಕ್ಕ ಕೂತು, ‘ಏನಾಗ್ತಿದೆ ಪುಟ್ಟಾ?’ ಎಂದು ಕೇಳಿ.